ಆಟೋ ಹೋಲ್ಡ್: ನಿಂತ ಕಾರನ್ನು ಹಿಡಿದಿಡುವ ಬ್ರೇಕಿನ ಇತಿಹಾಸ

ಕಾರು ಪೂರ್ತಿ ನಿಂತ ಮೇಲೆ ಚಾಲಕ ಬ್ರೇಕಿನಿಂದ ಕಾಲು ತೆಗೆದರೂ ಚಕ್ರಗಳನ್ನು ಹಾಗೆಯೇ ಹಿಡಿದಿಟ್ಟು, ಆಕ್ಸಿಲರೇಟರ್ ಒತ್ತಿದೊಡನೆ ತಾನಾಗಿ ಸಡಿಲಿಸುವ ವ್ಯವಸ್ಥೆಗೆ ಆಟೋ ಹೋಲ್ಡ್ ಅಥವಾ ಬ್ರೇಕ್ ಹೋಲ್ಡ್ ಎಂದು ಹೆಸರು. ಶೋರೂಮುಗಳಲ್ಲಿ ಇದನ್ನು ದೊಡ್ಡ ಪೇಟೆಯ ಸಿಗ್ನಲ್‌ಗಳಲ್ಲಿ ಕಾಲಿಗೆ ವಿಶ್ರಾಂತಿ ಕೊಡುವ ಸೌಲಭ್ಯವೆಂದು ಪರಿಚಯಿಸುವುದು ವಾಡಿಕೆ. ಇದರ ವಂಶಾವಳಿಯನ್ನು ಹಿಂಬಾಲಿಸಿದರೆ ಮಾತ್ರ ಸಿಗ್ನಲ್ ಸಿಗುವುದಿಲ್ಲ, ಏರುದಾರಿ ಸಿಗುತ್ತದೆ. ಆದ್ದರಿಂದ ಇದರ ಬೆಲೆ ಕಟ್ಟಲು ಬೆಂಗಳೂರಿನ ರಿಂಗ್ ರೋಡಿಗಿಂತ ದಕ್ಷಿಣ ಕನ್ನಡದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ರಸ್ತೆಗಳೇ ಸರಿಯಾದ ಜಾಗ.

ಈ ಮೂರು ತಾಲೂಕುಗಳಲ್ಲಿ ಸಮತಟ್ಟಾದ ದಾರಿ ಹೆಚ್ಚು ದೂರ ಸಾಗುವುದಿಲ್ಲ. ಬಂಟ್ವಾಳದಿಂದ ಸಿದ್ಧಕಟ್ಟೆಯ ಮೇಲೆ ಮೂಡುಬಿದಿರೆಗೆ ಹೋದರೂ, ಗುರುವಾಯನಕೆರೆಯಿಂದ ವೇಣೂರಿನ ಮೇಲೆ ಹೋದರೂ ಗದ್ದೆಯ ಮಟ್ಟಕ್ಕೆ ಇಳಿದು ಮತ್ತೆ ಗುಡ್ಡ ಏರುವುದೇ ದಾರಿಯ ಕ್ರಮ. ಬಿ.ಸಿ. ರೋಡಿನಲ್ಲಿ ಕವಲೊಡೆಯುವ ರಾಷ್ಟ್ರೀಯ ಹೆದ್ದಾರಿ 73 ಬೆಳ್ತಂಗಡಿ, ಉಜಿರೆ, ಮುಂಡಾಜೆ ದಾಟಿ ಚಾರ್ಮಾಡಿ ಘಾಟಿಯ ತಿರುವುಗಳನ್ನೇರಿ ಕೊಟ್ಟಿಗೆಹಾರ ಮುಟ್ಟುತ್ತದೆ. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಈ ಘಾಟಿಯೇ ಮುಚ್ಚಿತ್ತು. ಅಂಥ ದೊಡ್ಡ ಕುಸಿತವಿಲ್ಲದ ಮಳೆಗಾಲದಲ್ಲೂ ಒಂದು ಮರ ಅಡ್ಡ ಬಿದ್ದರೆ ಸಾಕು, ರೋಡ್ ಬ್ಲಾಕ್ ಆಗಿ ವಾಹನಗಳು ಏರಿನಲ್ಲೇ ಸಾಲುಗಟ್ಟುತ್ತವೆ. ಆಗ ಚಾಲಕನ ಮುಂದಿರುವ ಕೆಲಸ ಕಾರನ್ನು ನಿಲ್ಲಿಸುವುದಲ್ಲ, ನಿಂತದ್ದನ್ನು ನಿಂತಂತೆಯೇ ಇಡುವುದು. ಇವೆರಡೂ ಬೇರೆ ಬೇರೆ ಕೆಲಸಗಳೆಂಬುದನ್ನು ಒಪ್ಪಿಕೊಂಡರೆ ಆಟೋ ಹೋಲ್ಡಿನ ಇತಿಹಾಸ ತಾನಾಗಿ ಬಿಡಿಸಿಕೊಳ್ಳುತ್ತದೆ. ನಿಲ್ಲಿಸುವ ಬ್ರೇಕು ಕಾರಿನ ವೇಗವನ್ನು ಶಾಖವಾಗಿ ಕರಗಿಸಬೇಕು. ಹಿಡಿದಿಡುವ ಬ್ರೇಕಿಗೆ ಕರಗಿಸಲು ಏನೂ ಇಲ್ಲ, ಒತ್ತಡವೊಂದು ಸೋರದೆ ಉಳಿದರೆ ಆಯಿತು. ಘಾಟಿಯಲ್ಲಿ ಲಾರಿ ನಿಂತ ಕೂಡಲೇ ಕ್ಲೀನರ್ ಇಳಿದು ಚಕ್ರದ ಹಿಂದೆ ಕಲ್ಲು ಇಡುವುದು ಇದೇ ಎರಡನೆಯ ಕೆಲಸ. ಕಲ್ಲಿಗೆ ಲಾರಿಯನ್ನು ನಿಲ್ಲಿಸುವ ಶಕ್ತಿ ಇಲ್ಲ, ಹಿಡಿಯುವ ಶಕ್ತಿ ಬೇಕಾದಷ್ಟಿದೆ.

ಗೇರು ಹಾಕುವ ಕಾರಿನಲ್ಲಿ ತೊಡಕಿರುವುದು ಮತ್ತೆ ಹೊರಡುವಾಗ. ಪೆಡಲ್ ಮೂರು, ಕಾಲು ಎರಡು. ಬಲಗಾಲು ಬ್ರೇಕಿನಿಂದ ಆಕ್ಸಿಲರೇಟರಿಗೆ ಹೋಗುವ ಒಂದು ಕ್ಷಣ ಕಾರನ್ನು ಹಿಡಿಯುವವರಿಲ್ಲ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿರುವಂಥ ಹಳೆಯ ಕಾರುಗಳನ್ನು ಓಡಿಸಿದವರು ಆ ಕ್ಷಣವನ್ನು ಹ್ಯಾಂಡ್‌ಬ್ರೇಕ್ ಅಥವಾ ಹಾಫ್ ಕ್ಲಚ್‌ನಿಂದ ದಾಟುತ್ತಿದ್ದರು. ಅದನ್ನು ಯಂತ್ರಕ್ಕೆ ಒಪ್ಪಿಸಿದ ಆರಂಭದ ಯಶಸ್ವಿ ಪ್ರಯತ್ನ ಅಮೆರಿಕದ ಸ್ಟುಡಿಬೇಕರ್ ಕಂಪನಿಯದು. 1936ರಲ್ಲಿ ಅದರ ಪ್ರೆಸಿಡೆಂಟ್ ಕಾರಿಗೆ ‘ಹಿಲ್ ಹೋಲ್ಡರ್’ ಬಂತು. ಅದರ ರಚನೆ ಬೆರಗುಗೊಳಿಸುವಷ್ಟು ಸರಳ. ಬ್ರೇಕ್ ಆಯಿಲ್ ಹರಿಯುವ ದಾರಿಯಲ್ಲಿ ಒಂದು ಪುಟ್ಟ ಕೋಣೆ, ಅದರೊಳಗೆ ಒಂದು ಗುಂಡು. ಕಾರಿನ ಮೂತಿ ಏರಿನ ಕಡೆಗಿದ್ದರೆ ಗುಂಡು ತನ್ನ ಭಾರಕ್ಕೇ ಹಿಂದಕ್ಕುರುಳಿ ಆಯಿಲ್ ಮರಳುವ ಬಾಯನ್ನು ಮುಚ್ಚುತ್ತದೆ. ಕ್ಲಚ್ ಒತ್ತಿರುವಷ್ಟು ಹೊತ್ತು ಅದು ಅಲ್ಲೇ ಕೂತಿರುತ್ತದೆ. ಚಾಲಕ ಬ್ರೇಕಿನಿಂದ ಕಾಲೆತ್ತಿದರೂ ಚಕ್ರದ ಬಳಿಯ ಒತ್ತಡ ಇಳಿಯುವುದಿಲ್ಲ. ಕ್ಲಚ್ ಬಿಡುತ್ತ ಬಂದಂತೆ ಅದಕ್ಕೆ ಜೋಡಿಸಿದ ಕೊಂಡಿ ಗುಂಡನ್ನು ಬಾಯಿಂದ ಸರಿಸುತ್ತದೆ, ಎಂಜಿನ್ ಎಳೆತ ಹಿಡಿಯುವ ಹೊತ್ತಿಗೆ ಬ್ರೇಕ್ ಬಿಟ್ಟಿರುತ್ತದೆ. ವಿದ್ಯುತ್ತಿಲ್ಲ, ಸೆನ್ಸರ್ ಇಲ್ಲ. ಏರನ್ನು ಅಳೆಯುವ ಕೆಲಸವನ್ನು ಭೂಮಿಯ ಸೆಳೆತವೇ ಮಾಡಿತು. ಇದೇ ತತ್ವದ ಸಾಧನವನ್ನು ಜಪಾನಿನ ಸುಬಾರು ಮುಂದೆ ಹಲವು ದಶಕ ತನ್ನ ಗೇರ್ ಕಾರುಗಳಲ್ಲಿ ಬಳಸಿತು. ಆದರೆ ಅದರ ಮಿತಿಯೂ ಆ ಗುಂಡಿನಲ್ಲೇ ಇತ್ತು: ಕಾರು ಏರಿನತ್ತ ಮುಖ ಮಾಡಿರಬೇಕು, ಕ್ಲಚ್ ಒತ್ತಿರಬೇಕು.

ಮುಂದಿನ ಹೆಜ್ಜೆಗಳು ಬೇರೆಯೇ ಉದ್ದೇಶದಿಂದ ಬಂದವು. 1978ರಲ್ಲಿ ಬಾಷ್ ಕಂಪನಿಯ ಎಬಿಎಸ್ ಮರ್ಸಿಡಿಸ್ ಎಸ್-ಕ್ಲಾಸ್ ಕಾರಿಗೆ ಸೇರಿದಾಗ ಉದ್ದೇಶ ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವುದಷ್ಟೇ ಆಗಿತ್ತು. ಅದಕ್ಕಾಗಿ ಚಕ್ರಗಳ ವೇಗ ಅಳೆಯುವ ಸೆನ್ಸರ್ ಮತ್ತು ಆಯಿಲ್ ದಾರಿಯನ್ನು ತೆರೆದು ಮುಚ್ಚುವ ವಿದ್ಯುತ್ ವಾಲ್ವ್ ಬಂದವು. 1995ರಲ್ಲಿ, ಕಾರು ದಾರಿ ತಪ್ಪಿ ಅಡ್ಡ ಜಾರದಂತೆ ನೋಡಿಕೊಳ್ಳುವ ಇಎಸ್‌ಪಿ ಬಂದಾಗ ಚಾಲಕ ಪೆಡಲ್ ಮುಟ್ಟದಿದ್ದರೂ ಪಂಪು ತಾನೇ ಬ್ರೇಕಿನ ಒತ್ತಡ ಏರಿಸುವುದು ಸಾಧ್ಯವಾಯಿತು. ಕಾರು ನಿಂತಿದೆಯೆಂದು ತಿಳಿಯುವ ಕಣ್ಣು, ಒತ್ತಡ ಹಿಡಿದಿಡುವ ಬಾಗಿಲು, ಕಡಿಮೆಯಾದರೆ ತುಂಬುವ ಪಂಪು ಮೂರೂ ಒಂದೇ ಪೆಟ್ಟಿಗೆಯಲ್ಲಿ ಸೇರಿದ ಮೇಲೆ ಉಳಿದ ಕೊರತೆ ಒಂದೇ. ವಾಲ್ವ್ ಮುಚ್ಚಿಯೇ ಇರಲು ವಿದ್ಯುತ್ ಹರಿಯುತ್ತಿರಬೇಕು, ಗಂಟೆಗಟ್ಟಲೆ ಹಾಗೆ ಇಡುವಂತಿಲ್ಲ. ಆ ಕೊರತೆಯನ್ನು ತುಂಬಿದ್ದು ಮೋಟಾರಿನಿಂದ ನಡೆಯುವ ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್. 2001ರ ಬಿಎಂಡಬ್ಲ್ಯು 7 ಸೀರಿಸ್ ಕಾರಿನಲ್ಲಿ ಆಯಿಲ್ ಒತ್ತಡದ ಹಿಡಿತವೂ ಈ ಬ್ರೇಕೂ ಜೊತೆಯಾದವು. 2005ರ ಫೋಕ್ಸ್‌ವ್ಯಾಗನ್ ಪಸಾಟ್ ಈ ಜೋಡಿಯನ್ನು ಐಷಾರಾಮಿ ವರ್ಗದಿಂದ ಕೆಳಗಿಳಿಸಿತು. ಇಂದಿನ ಕಾರುಗಳಲ್ಲೂ ಕ್ರಮ ಇದೇ: ಮೊದಲು ಆಯಿಲ್ ಒತ್ತಡ ಹಿಡಿಯುತ್ತದೆ, ಕೆಲವು ನಿಮಿಷ ಕಳೆದರೆ ಅಥವಾ ಚಾಲಕ ಬೆಲ್ಟ್ ಬಿಚ್ಚಿ ಬಾಗಿಲು ತೆರೆದರೆ ಹಿಂದಿನ ಚಕ್ರಗಳ ಮೋಟಾರು ಪಾರ್ಕಿಂಗ್ ಬ್ರೇಕ್ ಬಿಗಿಯುತ್ತದೆ.

ಭಾರತದಲ್ಲಿ ಮಧ್ಯಮ ವರ್ಗದವರ ಕೈಗೆ ಇದು ನಿಲುಕಿದ್ದು ಈಚೆಗೆ. 2020ರ ಹ್ಯುಂಡೈ ಕ್ರೆಟಾ, 2022ರ ಟಾಟಾ ನೆಕ್ಸಾನ್ ಇವಿ ಮ್ಯಾಕ್ಸ್‌ಗಳಲ್ಲಿ ಇದು ಕಾಣಿಸಿಕೊಂಡಿತು. 2019ರ ಏಪ್ರಿಲ್‌ನಿಂದ ಎಬಿಎಸ್ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾಗಿದ್ದರೂ ಆಟೋ ಹೋಲ್ಡ್ ಏಕೆ ಎಲ್ಲದರಲ್ಲೂ ಇಲ್ಲ ಎಂಬುದಕ್ಕೆ ಉತ್ತರ ಹಿಂದಿನ ಮಾತಿನಲ್ಲೇ ಇದೆ: ಇಎಸ್‌ಪಿ ಬೇಕು, ಮೋಟಾರಿನ ಪಾರ್ಕಿಂಗ್ ಬ್ರೇಕ್ ಬೇಕು. ಇಎಸ್‌ಪಿ ಮಾತ್ರ ಇರುವ ಅಗ್ಗದ ಕಾರುಗಳಿಗೆ ಸಿಗುವುದು ಹಿಲ್ ಅಸಿಸ್ಟ್. ಅದು ಏರಿನಲ್ಲಿ ಎರಡು ಮೂರು ಸೆಕೆಂಡು ಹಿಡಿದು ಬಿಟ್ಟುಬಿಡುತ್ತದೆ. ಇವೆರಡನ್ನೂ ಒಂದೇ ಎಂದು ನಂಬಿ ಕಾಲೆತ್ತಿ ಕೂರುವುದು ಅಪಾಯ.

ಇದಕ್ಕೆ ಬರುವ ದೊಡ್ಡ ಆಕ್ಷೇಪ ಕೈಚಳಕದ್ದು: ಯಂತ್ರ ಹಿಡಿದುಕೊಂಡರೆ ಏರಿನಲ್ಲಿ ಕಾರು ಎತ್ತುವ ವಿದ್ಯೆಯೇ ಮರೆತುಹೋಗುವುದಿಲ್ಲವೇ? ಆತಂಕ ನ್ಯಾಯವಾದದ್ದೇ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 15ನೇ ನಿಯಮ ಕಡಿದಾದ ಏರಿನಲ್ಲಿ ನಿಲ್ಲಿಸಿ ಹಿಂದಕ್ಕೆ ಸರಿಯದಂತೆ ಹೊರಡುವುದನ್ನು ಲೈಸೆನ್ಸ್ ಪರೀಕ್ಷೆಯ ಭಾಗವಾಗಿಸಿದೆ. ಆದರೆ ಆ ಪರೀಕ್ಷೆಯ ಗುರಿ ಹಿಂದಕ್ಕೆ ಸರಿಯದಿರುವ ಫಲ. ಮಳೆಯಲ್ಲಿ, ಹಿಂದೆ ಬೈಕೊಂದು ಬಂಪರಿಗೆ ತಾಗುವಷ್ಟು ಹತ್ತಿರ ನಿಂತಿರುವಾಗ, ಐವತ್ತನೆಯ ಸಲ ಹೊರಡುವ ದಣಿದ ಚಾಲಕನ ಹಾಫ್ ಕ್ಲಚ್‌ಗಿಂತ ದಣಿಯದ ವಾಲ್ವ್ ಆ ಫಲಕ್ಕೆ ಹತ್ತಿರ. ಕ್ಲಚ್ ಪ್ಲೇಟ್ ಸುಡುವುದೂ ತಪ್ಪುತ್ತದೆ. ಹಿಡಿದಿರುವಾಗ ಬ್ರೇಕ್ ಲೈಟ್ ಉರಿಯುತ್ತಿದ್ದು ಹಿಂದಿನವರ ಕಣ್ಣಿಗೆ ಚುಚ್ಚುತ್ತದೆ ಎಂಬ ದೂರೂ ಇದೆ. ಪೇಟೆಯಲ್ಲಿ ಅದು ನಿಜ. ಚಾರ್ಮಾಡಿಯ ಮಂಜಿನಲ್ಲಿ ಅದೇ ಕೆಂಪು ಬೆಳಕು ಹಿಂದಿನವರಿಗೆ ಮೊದಲ ಎಚ್ಚರಿಕೆ.

ಒಪ್ಪಲೇಬೇಕಾದ ಆಕ್ಷೇಪ ಇನ್ನೊಂದು. ಆಟೋ ಹೋಲ್ಡ್ ಇದೆಯೆಂಬ ಧೈರ್ಯ ಘಾಟಿಯ ಇಳಿಜಾರಿಗೂ ಹಬ್ಬಿದರೆ ಕೆಡುಕು. ಕೊಟ್ಟಿಗೆಹಾರದಿಂದ ಕೆಳಗಿಳಿಯುವಾಗ ಅದು ಏನೂ ಮಾಡುವುದಿಲ್ಲ, ಏಕೆಂದರೆ ಅದರ ಕೆಲಸ ಶುರುವಾಗುವುದೇ ಚಕ್ರ ನಿಂತ ಮೇಲೆ. ಉದ್ದಕ್ಕೂ ಬ್ರೇಕ್ ಮೆಟ್ಟಿಕೊಂಡು ಇಳಿದರೆ ಪ್ಯಾಡ್ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಅಲ್ಲಿ ಬೇಕಾದದ್ದು ಕೆಳಗಿನ ಗೇರು, ಎಂಜಿನ್ನಿನ ತಡೆ. ಅದೇ 15ನೇ ನಿಯಮ ಇಳಿಜಾರಿನಲ್ಲಿ ಕೆಳಗಿನ ಗೇರಿಗೆ ಬೇಗ ಬದಲಾಯಿಸುವುದನ್ನೂ ಪರೀಕ್ಷಿಸಬೇಕೆನ್ನುತ್ತದೆ. ಏರಿನಲ್ಲಿ ಹಿಡಿದಿಡುವ ಕೆಲಸವನ್ನು 1936ರ ಗುಂಡಿನಿಂದ ಇಂದಿನ ವಾಲ್ವ್‌ವರೆಗೆ ಯಂತ್ರಗಳು ವಹಿಸಿಕೊಳ್ಳುತ್ತ ಬಂದಿವೆ. ಇಳಿಜಾರಿನ ಕೆಲಸವನ್ನು ಆಟೋ ಹೋಲ್ಡಿನ ಗುಂಡಿ ಒತ್ತಿದ ಚಾಲಕನೂ ತಾನೇ ಮಾಡಬೇಕು.