ಔಷಧದಾನ, ಶಾಸ್ತ್ರದಾನ

ಕಾರ್ಕಳದ ಗೊಮ್ಮಟನನ್ನು ಕಂಡವರು ಅವನ ಎತ್ತರವನ್ನೂ 1432ರ ಪ್ರತಿಷ್ಠೆಯನ್ನೂ ಕೊಂಡಾಡುವುದುಂಟು. ನನಗೆ ನೆನಪಾಗುವುದು ಜೈನರ ಚತುರ್ವಿಧ ದಾನ: ಆಹಾರ, ಅಭಯ, ಔಷಧ, ಶಾಸ್ತ್ರ. ಕೊನೆಯ ಎರಡನ್ನೂ ಒಂದೇ ಕೈಯಿಂದ ನೀಡಬಲ್ಲವನು ಗ್ರಂಥ ಬರೆಯುವ ವೈದ್ಯ.

ಕನ್ನಡದಲ್ಲಿ ಇಂಥ ಗ್ರಂಥಗಳ ಪರಂಪರೆ ಹಳೆಯದು. 12ನೆಯ ಶತಮಾನದಲ್ಲಿ ಚಾಲುಕ್ಯ ರಾಜಕುಮಾರ ಕೀರ್ತಿವರ್ಮ ‘ಗೋವೈದ್ಯ’ವನ್ನು ರಚಿಸಿದ. 14ನೆಯ ಶತಮಾನದ ಜೈನಕವಿ ಮಂಗರಾಜ ‘ಖಗೇಂದ್ರಮಣಿದರ್ಪಣ’ದಲ್ಲಿ ವಿಷಗಳನ್ನೂ ಅವುಗಳ ಚಿಕಿತ್ಸೆಯನ್ನೂ ಪದ್ಯಕ್ಕಿಳಿಸಿದ. ಹಾವು ಕಚ್ಚಿದ ಹೊತ್ತಿನಲ್ಲಿ ಓಲೆಗರಿ ಹುಡುಕಲು ಬಿಡುವೆಲ್ಲಿ? ಪದ್ಯವಾದರೆ ನಾಲಗೆಯ ಮೇಲಿರುತ್ತದೆ.

1953ರಲ್ಲಿ ಡಾ. ಟಿ. ಎಂ. ಎ. ಪೈಯವರು ಮಣಿಪಾಲದ ಬೋಳುಗುಡ್ಡದಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು. ಔಷಧ ಮನೆಬಾಗಿಲಿಗೇ ಬಂದಂತಾಯಿತು. ಆದರೆ ಅಲ್ಲಿನ ಶಾಸ್ತ್ರದ ಭಾಷೆ ಇಂಗ್ಲಿಷು. ಉಡುಪಿ, ಕಾಪು, ಕಾರ್ಕಳಗಳಿಂದ ಬರುವ ರೋಗಿಗಳದು ತುಳು, ಕೊಂಕಣಿ, ಕನ್ನಡ.

ಈ ಅಂತರ ಅಲ್ಪದ್ದಲ್ಲ. ಕೆಮ್ಮು ನಿಂತಿತೆಂದು ಕ್ಷಯದ ಮಾತ್ರೆಯನ್ನು ನಡುವೆ ಬಿಟ್ಟವನಿಗೆ ರೋಗ ಮರುಕಳಿಸಬಹುದು. ಮರಳಿದ ರೋಗ ಮದ್ದಿಗೆ ಬಗ್ಗದೆಯೂ ಹೋಗಬಹುದು. ಅಲ್ಲಿ ಕೊರತೆ ಮದ್ದಿನದಲ್ಲ, ತಿಳಿಯುವಂತೆ ಹೇಳಿದ ಮಾತಿನದು.

ಆ ಮಾತನ್ನು ಕನ್ನಡದಲ್ಲಿ ಆಡಿದ ವೈದ್ಯರು ನಮ್ಮಲ್ಲಿದ್ದಾರೆ. ‘ಕೊರವಂಜಿ’ಯ ರಾಶಿ, ಅಂದರೆ ಡಾ. ಎಂ. ಶಿವರಾಂ, ಮನಸ್ಸಿನ ವಿಚಾರವನ್ನು ‘ಮನೋನಂದನ’ದಲ್ಲಿ ತಿಳಿಯಾಗಿಸಿದರು. ಡಾ. ಅನುಪಮಾ ನಿರಂಜನರು ಬಸಿರು ಬಾಣಂತನಗಳ ಸಂಗತಿಯನ್ನು ‘ತಾಯಿ-ಮಗು’ವಿನಲ್ಲಿ ಸಂಕೋಚವಿಲ್ಲದೆ ಹೇಳಿದರು.

ನಮ್ಮ ಸಾಹಿತ್ಯಚರಿತ್ರೆಗಳು ಇಂಥ ಕೃತಿಗಳನ್ನು ‘ಶಾಸ್ತ್ರಸಾಹಿತ್ಯ’ವೆಂದು ಹೆಚ್ಚಾಗಿ ಕಡೆಯ ಪುಟಗಳಿಗೆ ತಳ್ಳುತ್ತವೆ. ಕನ್ನಡ ಪಾಠ ಹೇಳುವ ನಾನು ಆ ಪುಟಗಳನ್ನು ಮುಂದಕ್ಕೆ ತರಬೇಕೆನ್ನುತ್ತೇನೆ. ಜೀವ ಉಳಿಸಿದ ಮಾತಿಗಿಂತ ದೊಡ್ಡ ಸಾಹಿತ್ಯ ಯಾವುದು?