ಆರ್ಜಿನಿನ್

ಪ್ರೋಟೀನುಗಳನ್ನು ಕಟ್ಟುವ 20 ಅಮೈನೊ ಆಮ್ಲಗಳಲ್ಲಿ ಒಂದು; ರಕ್ತನಾಳಗಳನ್ನು ಸಡಿಲಿಸುವ ನೈಟ್ರಿಕ್ ಆಕ್ಸೈಡ್ ಅನಿಲಕ್ಕೆ ದೇಹದಲ್ಲಿ ಇದೇ ಮೂಲದ್ರವ್ಯ. ಪ್ರತ್ಯಾಮ್ಲೀಯ ಗುಣದ್ದು. ಆರೋಗ್ಯವಂತ ವಯಸ್ಕರ ದೇಹದಲ್ಲೇ ತಯಾರಾಗುತ್ತದೆ. ಶೇಂಗಾ, ಎಳ್ಳು, ಕುಂಬಳಬೀಜ, ಬೇಳೆಕಾಳು, ಮೀನು, ಮಾಂಸಗಳಿಂದಲೂ ದೊರೆಯುತ್ತದೆ. 1886ರಲ್ಲಿ ಅರ್ನ್‌ಸ್ಟ್ ಶುಲ್ಟ್ಸ ಮತ್ತು ಅರ್ನ್‌ಸ್ಟ್ ಸ್ಟೈಗರ್ ಲೂಪಿನ್ ಸಸ್ಯದ ಮೊಳಕೆಗಳಿಂದ ಇದನ್ನು ಬೇರ್ಪಡಿಸಿದರು.

ರಕ್ತನಾಳದ ಒಳಪೊರೆಯ ಕೋಶಗಳಲ್ಲಿರುವ ಕಿಣ್ವವೊಂದು ಆರ್ಜಿನಿನನ್ನು ಸಿಟ್ರುಲಿನ್ ಹಾಗೂ ನೈಟ್ರಿಕ್ ಆಕ್ಸೈಡುಗಳಾಗಿ ಪರಿವರ್ತಿಸುತ್ತದೆ. ಈ ಅನಿಲವು ನಾಳದ ನಯಸ್ನಾಯುವಿಗೆ ಹರಡಿ ಅದನ್ನು ಸಡಿಲಿಸುವುದರಿಂದ ನಾಳ ಹಿಗ್ಗಿ ರಕ್ತದೊತ್ತಡ ಇಳಿಯುತ್ತದೆ. ನೈಟ್ರಿಕ್ ಆಕ್ಸೈಡಿನ ಸಂಕೇತವಾಹಕ ಪಾತ್ರವನ್ನು ಕಂಡುಹಿಡಿದ ಫರ್ಚ್‌ಗಾಟ್, ಇಗ್ನಾರೊ ಮತ್ತು ಮ್ಯುರಾಡ್ 1998ರ ನೊಬೆಲ್ ಪಾರಿತೋಷಕ ಪಡೆದರು. ಬಾಯಿಯ ಮೂಲಕ ಸೇವಿಸಿದ ಆರ್ಜಿನಿನಿನ ಗಣನೀಯ ಭಾಗ ಕರುಳು ಮತ್ತು ಯಕೃತ್ತಿನಲ್ಲೇ ವಿಭಜನೆಯಾಗುತ್ತದೆ.

ಪೂರಕವಾಗಿ ಕೊಟ್ಟ ಆರ್ಜಿನಿನ್ ರಕ್ತದೊತ್ತಡವನ್ನು ಅಲ್ಪ ಪ್ರಮಾಣದಲ್ಲಿ ತಗ್ಗಿಸುವುದು ಹಲವು ಪ್ರಯೋಗಗಳಲ್ಲಿ ಕಂಡುಬಂದಿದೆ. ಹೃದಯ ವೈಫಲ್ಯದಲ್ಲಿ ನೈಟ್ರಿಕ್ ಆಕ್ಸೈಡ್ ಚಟುವಟಿಕೆ ಕುಂದುವುದರಿಂದ ಆರ್ಜಿನಿನ್ ಮೇಲೆ ನಿರೀಕ್ಷೆ ಹೆಚ್ಚಿತ್ತು. 1996ರ ಒಂದು ಸಣ್ಣ ಅಧ್ಯಯನದಲ್ಲಿ ಆರು ವಾರಗಳ ಸೇವನೆಯಿಂದ ರೋಗಿಗಳ ಮುಂಗೈ ರಕ್ತಪ್ರವಾಹವೂ ಆರು ನಿಮಿಷದ ನಡಿಗೆಯ ದೂರವೂ ಹೆಚ್ಚಿದವು. ಆದರೆ ಹೃದಯಾಘಾತವಾದ 153 ಮಂದಿಯ ಮೇಲೆ ಅಮೆರಿಕದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹೃದಯದ ಕಾರ್ಯ ಸುಧಾರಿಸಲಿಲ್ಲ. ಆರ್ಜಿನಿನ್ ಪಡೆದವರಲ್ಲಿ ಆರು ಮಂದಿ ಸತ್ತರು, ಹುಸಿಮದ್ದು ಪಡೆದವರಲ್ಲಿ ಯಾರೂ ಸಾಯಲಿಲ್ಲ. ಹೀಗಾಗಿ ಪ್ರಯೋಗಕ್ಕೆ ಹೊಸಬರ ಸೇರ್ಪಡೆಯನ್ನು ನಿಲ್ಲಿಸಲಾಯಿತು.

ಹೃದಯ ವೈಫಲ್ಯದ ಅನೇಕ ರೋಗಿಗಳ ರಕ್ತದೊತ್ತಡ ಮೊದಲೇ ತಗ್ಗಿರುತ್ತದೆ. ರಕ್ತನಾಳ ಹಿಗ್ಗಿಸುವ ಔಷಧಿಗಳಾದ ನೈಟ್ರೇಟ್ ಅಥವಾ ಸಿಲ್ಡೆನಾಫಿಲ್ ಜೊತೆ ಆರ್ಜಿನಿನ್ ಸೇವಿಸಿದರೆ ರಕ್ತದೊತ್ತಡ ಅಪಾಯಕರ ಮಟ್ಟಕ್ಕೆ ಇಳಿಯಬಹುದು. ಹೊಟ್ಟೆನೋವು, ಭೇದಿ ಇತರ ಅಡ್ಡಪರಿಣಾಮಗಳು. ಇತ್ತೀಚೆಗೆ ಹೃದಯಾಘಾತವಾದವರಿಗೆ ಈ ಪೂರಕ ಸೂಕ್ತವಲ್ಲ.