ಅಪ್ಪನ ಮೊಣಕಾಲು ಮತ್ತು ಮೂರು ಗೇರಿನ ಜೀಪು

ಹೋದ ವರ್ಷ ಬನದ ಹುಣ್ಣಿಮೆಗೆ ಹದಿನೈದು ದಿನ ಇದ್ದಾಗ ಅಪ್ಪ ಫೋನ್ ಮಾಡಿದ. "ಈ ಸಲ ಗುಡ್ಡಕ್ಕ ಜೀಪ್ ಬ್ಯಾಡ ತಮ್ಮಾ. ಬಸ್ಸಿಗೆ ಹೋಗಿ ಬರ್ತೇವಿ."

ಯಾಕೆ ಅಂತ ಕೇಳಿದೆ.

"ಮೊಣಕಾಲು ಕ್ಲಚ್ಚಿಗೆ ಒಪ್ಪವಲ್ದು."

ನಮ್ಮೂರು ಬೈಲಹೊಂಗಲ. ಜೀಪು 1964ರ ಮಹೀಂದ್ರಾ ಸಿಜೆ-3ಬಿ. ಅಜ್ಜ ಸೆಕೆಂಡ್ ಹ್ಯಾಂಡ್ ತೊಗೊಂಡದ್ದು. ಹೊಲದಿಂದ ಹತ್ತಿ ಹೇರಿಕೊಂಡು ಮಾರ್ಕೆಟ್ಟಿಗೆ, ವರ್ಷಕ್ಕೊಮ್ಮೆ ಮಂದಿ ಹೇರಿಕೊಂಡು ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ. ಇಷ್ಟೇ ಅದರ ಜೀವನಚರಿತ್ರೆ. ಬೆಂಗಳೂರಿನಲ್ಲಿ ಕೂತ ನನಗೆ ಮಾತ್ರ ಅದರ ಬಗ್ಗೆ ಬೇರೆ ಕನಸಿತ್ತು. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆ ನೋಂದಣಿ ನಿಯಮ ತಂದಿತಲ್ಲ, ಅದರ ಪ್ರಕಾರ 50 ವರ್ಷ ದಾಟಿದ, ಛಾಸಿ, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಗದ ಗಾಡಿಗೆ ‘ವಿಎ’ ಅಕ್ಷರದ ನಂಬರ್ ಸಿಗುತ್ತದೆ. ಹೊಸದಾಗಿ ನೋಂದಣಿ ಮಾಡಿಸಲು 20,000 ರೂಪಾಯಿ. ಅದಕ್ಕಾಗಿಯೇ ನಾನು ಎರಡು ವರ್ಷದಿಂದ ಈ ಜೀಪಿನ ಒಂದು ನಟ್ಟನ್ನೂ ಬದಲಿಸಬೇಡ ಅಂತ ಅಪ್ಪನಿಗೆ ಹೇಳುತ್ತ ಬಂದಿದ್ದೆ.

ಶನಿವಾರ ಊರಿಗೆ ಹೊರಟೆ. ಹೆದ್ದಾರಿಯಲ್ಲಿ ಕಿತ್ತೂರಿಗೆ ಇಳಿದು, ಬೈಲಹೊಂಗಲದ ಬಸ್ಸಿಗೆ ಟೈಮ್ ಇದ್ದದ್ದರಿಂದ ಕೋಟೆಗೆ ಹೋಗಿ ಕೂತೆ. ಚೆನ್ನಮ್ಮ 1824ರಲ್ಲಿ ಕಂಪನಿ ಸೈನ್ಯವನ್ನು ಎದುರಿಸಿದ ಜಾಗ. ಇಲ್ಲಿನ ಮುರಿದ ಗೋಡೆಗೆ ಯಾರಾದರೂ ಹೊಸ ಟೈಲ್ಸ್ ಹಚ್ಚಿದರೆ ನನಗೆ ಸಿಟ್ಟು ಬರುತ್ತದೆ. ಹಾಗಾದರೆ ಅಜ್ಜನ ಜೀಪಿಗೆ ಹೊಸ ಗೇರ್‌ಬಾಕ್ಸ್ ಹಾಕಿದರೆ? ಇದೇ ಪ್ರಶ್ನೆ ತಲೆಯಲ್ಲಿಟ್ಟುಕೊಂಡು ಮನೆ ಮುಟ್ಟಿದೆ.

ಈ ಜೀಪಿನ ಮೂಲ 1941ರ ಯುದ್ಧದ ವಿಲ್ಲಿಸ್. ಯುದ್ಧ ಮುಗಿದ ಮೇಲೆ ಅದೇ ಗಾಡಿಯನ್ನು ರೈತರಿಗೆ ಮಾರಲು ಕಂಪನಿ ‘ಸಿವಿಲಿಯನ್ ಜೀಪ್’ ಮಾಡಿತು. ಸಿಜೆ ಅಂದರೆ ಅದೇ. 1953ರಲ್ಲಿ ಬಂದ 3ಬಿ ಮಾಡೆಲ್ಲಿನಲ್ಲಿ 2.2 ಲೀಟರಿನ ಹರಿಕೇನ್ ಎಂಜಿನ್ ಎತ್ತರ ಆಗಿದ್ದಕ್ಕೆ ಬಾನೆಟ್ಟನ್ನೇ ಎತ್ತರಿಸಿದರು. ಅದಕ್ಕೇ ಅದರ ಮುಖ ಉಬ್ಬಿದಂತೆ ಕಾಣುತ್ತದೆ. ಅಮೆರಿಕದಲ್ಲಿ 3ಬಿ 1968ಕ್ಕೆ ನಿಂತಿತು. ಮುಂಬೈನ ಮಹೀಂದ್ರಾ ಅದೇ ನಮೂನೆಯನ್ನು ಆಮೇಲೂ ಎಷ್ಟೋ ವರ್ಷ ಮಾಡುತ್ತಲೇ ಹೋಯಿತು.

ಗೇರ್‌ಬಾಕ್ಸ್ ಟಿ-90. ಮುಂದಕ್ಕೆ ಮೂರೇ ಗೇರು. ಎರಡನೇದಕ್ಕೂ ಮೂರನೇದಕ್ಕೂ ಸಿಂಕ್ರೊಮೆಶ್ ಇದೆ, ಫಸ್ಟ್‌ಗೆ ಇಲ್ಲ. ಸಿಂಕ್ರೊಮೆಶ್ ಅಂದರೆ ಒಂದು ಹಿತ್ತಾಳೆ ಬಳೆ. ಹಲ್ಲುಗಳು ಕೂಡುವ ಮೊದಲೇ ಅದು ಉಜ್ಜಿಕೊಂಡು ಎರಡೂ ಕಡೆಯ ವೇಗವನ್ನು ಒಂದು ಮಾಡುತ್ತದೆ. ಕ್ಯಾಡಿಲಾಕ್ ಇದನ್ನು 1928ರಲ್ಲಿ ತಂದಿತು. ಅದಿಲ್ಲದ ಕಡೆ ಆ ಕೆಲಸ ಡ್ರೈವರನ ಕಾಲಿನದು: ಕ್ಲಚ್ ತುಳಿ, ನ್ಯೂಟ್ರಲ್ ಮಾಡು, ಬಿಡು, ರೇಸ್ ಕೊಡು, ಮತ್ತೆ ತುಳಿ, ಆಮೇಲೆ ಗೇರ್ ಹಾಕು. ಗುಡ್ಡದ ಏರಿನಲ್ಲಿ ಹತ್ತು ಮಂದಿಯನ್ನು ಹೇರಿಕೊಂಡು ಫಸ್ಟ್‌ಗೆ ಇಳಿಸುವಾಗ ಅಪ್ಪ ಪ್ರತಿ ಸಲ ಎರಡೆರಡು ಬಾರಿ ತುಳಿದಿದ್ದಾನೆ. ನಲವತ್ತು ವರ್ಷ. ಮೊಣಕಾಲಿನ ಲೆಕ್ಕ ನೀವೇ ಹಾಕಿ.

ಬೈಲಹೊಂಗಲದ ಮಿಸ್ತ್ರಿ ಕಾಕಾ ಕೆಳಗೆ ಮಲಗಿ ನೋಡಿ ಎದ್ದರು. ಪೆಡಲ್ಲಿನಿಂದ ಅಡ್ಡ ನಳಿಕೆ, ಅದರ ಲಿವರ್, ಅಲ್ಲಿಂದ ಗಿಡ್ಡ ಕೇಬಲ್ಲು. ಎಲ್ಲ ಕೀಲುಗಳೂ ಸವೆದಿದ್ದವು. ನಳಿಕೆಯ ಒಂದು ತುದಿ ಛಾಸಿಯ ಮೇಲೆ, ಇನ್ನೊಂದು ತುದಿ ಅಲುಗುವ ಎಂಜಿನ್ ಕಡೆಗೆ. ಎಂಜಿನ್ ನಡುಗಿದರೆ ಕ್ಲಚ್ಚೂ ನಡುಗುತ್ತದೆ.

"ಆಯಿಲ್ ಕ್ಲಚ್ ಮಾಡೋಣು. ಗೇರ್‌ಬಾಕ್ಸೂ ಆಮ್ಯಾಲಿಂದು ಹಾಕೋಣು, ನಾಕು ಗೇರಿಂದು. ಬರೇ ಕ್ಲಚ್ ಹಗರ ಮಾಡಿದ್ರ ಏನ ಬಂತು, ಎರಡ ಸಲ ತುಳಿಯೂದು ತಪ್ಪಂಗಿಲ್ಲಲ್ಲ?"

"ಕಾಕಾ, ಅದು ವಿಂಟೇಜ್ ಗಾಡಿ..." ಅಂದೆ.

ಅಪ್ಪ ಕಟ್ಟೆ ಮೇಲಿಂದ ಕೇಳಿದ: "ಏನೋ ತಮ್ಮಾ, ಜೀಪ್ ಇರೂದು ನೋಡಾಕೋ, ಓಡಸಾಕೋ?"

ರಾತ್ರಿ ನಿಯಮವನ್ನು ಮತ್ತೆ ಓದಿದೆ. ಪಟ್ಟಿಯಲ್ಲಿ ಛಾಸಿ, ಬಾಡಿ, ಎಂಜಿನ್ ಇವೆ, ಗೇರ್‌ಬಾಕ್ಸಿನ ಹೆಸರಿಲ್ಲ. ಆದರೆ ನಾನು ಅಷ್ಟು ದಿನ ನೋಡಿಯೂ ನೋಡದಂತೆ ಬಿಟ್ಟ ಸಾಲು ಬೇರೆಯೇ ಇತ್ತು. ವಿಂಟೇಜ್ ನಂಬರ್ ಪಡೆದ ಗಾಡಿ ಪ್ರದರ್ಶನಕ್ಕೆ, ರ‍್ಯಾಲಿಗೆ, ರಿಪೇರಿಗೆ, ಪೆಟ್ರೋಲ್ ಹಾಕಿಸಲಿಕ್ಕೆ ರಸ್ತೆಗೆ ಇಳಿಯಬಹುದು, ದಿನಬಳಕೆಗೆ ಇಳಿಯುವಂತಿಲ್ಲ. ಅಂದರೆ ಹೊಲ ಇಲ್ಲ, ಮಾರ್ಕೆಟ್ ಇಲ್ಲ. ಜೀಪನ್ನು ಉಳಿಸುವ ನನ್ನ ಯೋಜನೆಯಲ್ಲಿ ಅಪ್ಪನಿಗೆ ಸೀಟೇ ಇರಲಿಲ್ಲ.

‘ಒರಿಜಿನಲ್’ ಅನ್ನೋ ಹುಚ್ಚು ಹಳೇದೇನಲ್ಲ. ಅಮೆರಿಕದ ಹಾಟ್ ರಾಡ್ ಹುಡುಗರನ್ನೇ ನೋಡಿ. 1930ರ ದಶಕದಲ್ಲೇ ಕ್ಯಾಲಿಫೋರ್ನಿಯಾದ ಒಣಗಿದ ಕೆರೆಗಳ ಅಂಗಳದಲ್ಲಿ ಹಳೇ ಫೋರ್ಡ್‌ಗಳನ್ನು ಓಡಿಸುತ್ತಿದ್ದರು. ಫೋರ್ಡ್ 1932ರಲ್ಲಿ ವಿ-8 ಎಂಜಿನ್ ಕೊಟ್ಟರೂ ಬ್ರೇಕು ಸಲಾಕೆಯದೇ ಆಗಿತ್ತು. ಹೈಡ್ರಾಲಿಕ್ ಬ್ರೇಕ್ ಬಂದದ್ದು 1939ರ ಮಾಡೆಲ್ಲಿಗೆ. ಹುಡುಗರು 1939ರ ಬ್ರೇಕನ್ನೂ ಗೇರ್‌ಬಾಕ್ಸನ್ನೂ ಕಿತ್ತು ತಂದು 1932ರ ಕಾರಿಗೆ ಕೂಡಿಸಿದರು. ಈಗ ಅಂಥ ಕಾರುಗಳನ್ನೇ ಇತಿಹಾಸ ಅಂತ ಕಾಪಾಡುತ್ತಾರೆ. ಅವರಿಗೆ ಬೇಕಾದದ್ದು ಸ್ಪೀಡು. ನಮ್ಮ ಕಡೆ ಕಾರಣ ಬೇರೆ. ಹೊಸ ಗಾಡಿಗೆ ವರ್ಷಗಟ್ಟಲೆ ಕಾಯಬೇಕಿದ್ದ ಕಾಲದಲ್ಲಿ, ಇದ್ದ ಗಾಡಿಗೆ ಸಿಕ್ಕ ಸಾಮಾನು ಹಾಕಿ ಓಡಿಸಿದರು. ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ ಕೂಡಿಸಿದ ಗ್ಯಾರೇಜುಗಳಿಗೆ ಲೆಕ್ಕವಿಲ್ಲ.

ಮರುದಿನ "ಆತು ಕಾಕಾ, ಮಾಡ್ರಿ" ಅಂದೆ.

ಎಂಜಿನ್ನಿಗೂ ಬೇರೆ ಗೇರ್‌ಬಾಕ್ಸಿಗೂ ಬೋಲ್ಟಿನ ತೂತು ಹೊಂದುವುದಿಲ್ಲ. ನಡುವೆ ದಪ್ಪನೆಯ ಅಡಾಪ್ಟರ್ ಪ್ಲೇಟ್ ಬೇಕು. ಬೆಳಗಾವಿಯ ಉದ್ಯಮಬಾಗದಲ್ಲಿ ಮಾಡಿಸಿದೆವು. ಫೌಂಡ್ರಿಗೂ ಹೈಡ್ರಾಲಿಕ್ ವಾಲ್ವಿಗೂ ಹೆಸರಾದ ಊರು, ಲೇತಿಗೆ ಬರವಿಲ್ಲ. ಗೇರ್‌ಬಾಕ್ಸಿನ ಶಾಫ್ಟು ಎಂಜಿನ್ನಿನ ನಟ್ಟನಡುವೆ ಕೂತಿದೆಯೋ ಇಲ್ಲವೋ ಅಂತ ಕಾಕಾ ಡಯಲ್ ಗೇಜ್ ಇಟ್ಟು ಮೂರು ಸಲ ನೋಡಿದರು. ಹೊಸ ಬಾಕ್ಸ್ ಉದ್ದ. ಅದರ ಹಿಂದಿನ ಫೋರ್-ವೀಲ್ ಪೆಟ್ಟಿಗೆಯೂ ಹಿಂದೆ ಸರಿದದ್ದರಿಂದ ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಗಿಡ್ಡ ಮಾಡಿ, ಮುಂದಿನದನ್ನು ಉದ್ದ ಮಾಡಬೇಕಾಯಿತು.

ಕ್ಲಚ್ಚಿನಲ್ಲಿ ಎಡವಿದವನು ನಾನೇ. ಹೈಡ್ರಾಲಿಕ್ ಕ್ಲಚ್ಚಿಗೆ ಎರಡು ಸಿಲಿಂಡರು: ಪೆಡಲ್ ಒತ್ತುವ ಮಾಸ್ಟರ್, ಕ್ಲಚ್ಚನ್ನು ತಳ್ಳುವ ಸ್ಲೇವ್. ನಡುವೆ ಬ್ರೇಕ್ ಆಯಿಲ್ ತುಂಬಿದ ಪೈಪು. ಮಾಸ್ಟರ್ ಸಣ್ಣದಾದಷ್ಟೂ ಪೆಡಲ್ ಹಗುರ. ಪ್ಯಾಸ್ಕಲ್ 17ನೇ ಶತಮಾನದಲ್ಲೇ ಹೇಳಿದ ಮಾತು. ಅಪ್ಪನ ಮೊಣಕಾಲು ನೆನೆದು ನಾನು ಐದು ಸೂತಿನ ಮಾಸ್ಟರ್, ಏಳು ಸೂತಿನ ಸ್ಲೇವ್ ತಂದೆ. ಸೂತು ಅಂದರೆ ಇಂಚಿನ ಎಂಟನೇ ಒಂದು ಪಾಲು. ಪೆಡಲ್ ಬೆಣ್ಣೆಯಂತಾಯಿತು. ಗೇರ್ ಮಾತ್ರ ಕರ‍್ರ್ ಅಂದಿತು.

ಪೈಪಿನಲ್ಲಿ ಗಾಳಿ ಉಳಿದಿದೆ ಅಂತ ಎರಡು ಸಲ ತೆಗೆದೆವು. ಕೊನೆಗೆ ನೋಟ್‌ಬುಕ್ ತೆಗೆದೆ. ಐದೈದ್ಲೆ 25, ಏಳೇಳ್ಲೆ 49. ಬಲ ಸುಮಾರು ಎರಡು ಪಟ್ಟು ಸಿಗುತ್ತದೆ, ಸರಿ. ಆದರೆ ಮಾಸ್ಟರ್ 30 ಮಿಲಿಮೀಟರ್ ಸರಿದರೆ ಸ್ಲೇವ್ ಸರಿಯುವುದು 15 ಮಾತ್ರ. ಕ್ಲಚ್ ಪ್ಲೇಟ್ ಪೂರಾ ಬಿಡುತ್ತಲೇ ಇರಲಿಲ್ಲ. ಕಾಕಾ ನಕ್ಕರು: "ಹಗರೂ ಆಗಬೇಕು, ದೂರೂ ಹೋಗಬೇಕಂದ್ರ ಹೆಂಗ ಹೊಂದತೈತಿ?" ಆರು ಸೂತಿನ ಮಾಸ್ಟರ್ ಹಾಕಿದೆವು. 36ಕ್ಕೆ 49. ಸ್ಲೇವ್ 22 ಮಿಲಿಮೀಟರ್ ಸರಿಯಿತು. ಪೆಡಲ್ ಬೆಣ್ಣೆಯಲ್ಲ, ಆದರೆ ಹಳೇದಕ್ಕಿಂತ ಎಷ್ಟೋ ಹಗುರ.

ಒಂದು ಷರತ್ತು ನಾನು ಬಿಡಲಿಲ್ಲ: ಛಾಸಿಗೆ ವೆಲ್ಡಿಂಗ್ ಬೇಡ, ಎಲ್ಲ ಬೋಲ್ಟಿನಲ್ಲೇ ನಿಲ್ಲಬೇಕು. ಹಳೇ ನೆಲದ ತಗಡನ್ನು ಕತ್ತರಿಸದೆ ಹೊಸದೊಂದು ಮಾಡಿಸಿದೆವು. ಟಿ-90 ಬಾಕ್ಸು, ನಳಿಕೆ, ಕೇಬಲ್ಲು ಎಲ್ಲಕ್ಕೂ ಗ್ರೀಸ್ ಬಳಿದು, ಗೋಣಿಚೀಲ ಸುತ್ತಿ, ಎಂದು ತೆಗೆದದ್ದು, ಯಾಕೆ ತೆಗೆದದ್ದು ಅಂತ ಚೀಟಿ ಕಟ್ಟಿ ಅಟ್ಟದ ಮೇಲೆ ಇಟ್ಟಿದ್ದೇನೆ. ನಾಳೆ ನನ್ನ ಮಗಳು ಇದನ್ನು 1964ಕ್ಕೆ ವಾಪಸ್ ಒಯ್ಯಬೇಕು ಅಂದರೆ ಒಂದು ವಾರದ ಕೆಲಸ.

ಬನದ ಹುಣ್ಣಿಮೆ ತಪ್ಪಿತು. ಭಾರತ ಹುಣ್ಣಿಮೆಗೆ ಅಪ್ಪನೇ ಓಡಿಸಿದ. ಹಿಂದೆ ಅವ್ವ, ಅತ್ತಿ, ಕಾಕಾನ ಮನೆಯವರು, ಕಡಬಿನ ಡಬ್ಬಿ. ಏರಿನಲ್ಲಿ ಮುಂದಿನ ಟೆಂಪೊ ನಿಧಾನವಾಯಿತು. ಅಪ್ಪ ಕ್ಲಚ್ ತುಳಿದ, ನ್ಯೂಟ್ರಲ್ ಮಾಡಿದ, ಬಿಟ್ಟ, ರೇಸ್ ಕೊಟ್ಟ, ಮತ್ತೆ ತುಳಿದ.

"ಅಪ್ಪಾ, ಈಗ ಒಂದ ಸಲ ತುಳಿದ್ರ ಸಾಕು."

"ಗೊತ್ತೈತಿ," ಅಂದ. "ಕಾಲಿಗೆ ಗೊತ್ತಿಲ್ಲ."